ಸೂರತ್ತಿಗೆ ಮೊದಲು ಹರಿಹರ

ನನ್ನ ಡೈರಿಯ ಒಂದು ಪುಟ ಮಾತ್ರ ಅಂಟು ಕುಡಿದು ಹಪ್ಪಳದ ಹಾಗೆ ಸೆಟೆದು ನಿಂತಿದೆ. ಅದರ ಮೇಲೆ ಹದಿನಾಲ್ಕು ಬಸ್ ಟಿಕೆಟ್ಟುಗಳನ್ನು ಸಾಲಾಗಿ ಅಂಟಿಸಿದ್ದೇನೆ. ಎಲ್ಲವೂ ಒಂದೇ ಭಾನುವಾರದವು, ಎಲ್ಲವೂ ದಾವಣಗೆರೆ ಮತ್ತು ಹರಿಹರದ ನಡುವಿನವು, ಎಲ್ಲವೂ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಹರಿದುಕೊಡುವ ಸೊನ್ನೆ ರೂಪಾಯಿಯವು. ಮೊನ್ನೆ ಬೀರು ಒರೆಸುವಾಗ ಡೈರಿ ಕೈಜಾರಿ ಬಿತ್ತು. ಬಿದ್ದದ್ದು ತಾನಾಗಿಯೇ ಆ ಪುಟಕ್ಕೇ ತೆರೆದುಕೊಂಡಿತು. ಟಿಕೆಟ್ಟಿನ ಅಕ್ಷರಗಳೆಲ್ಲ ಮಾಸಿ ಈಗ ಬರೀ ಬಿಳಿ ಚೀಟಿಗಳಾಗಿವೆ. ಅವು ಟಿಕೆಟ್ಟುಗಳೇ ಎನ್ನುವುದಕ್ಕೆ ನೀವು ನನ್ನ ಮಾತನ್ನೇ ನಂಬಬೇಕು. ನಂಬಬಹುದು ಕೂಡ. ಏಳು ವರ್ಷಗಳ ನನ್ನ ಡೈರಿಗಳಲ್ಲಿ ಇರುವುದು ಒಂದೇ ಒಂದು ಸುಳ್ಳು. ಅದೂ ಅದೇ ಪುಟದಲ್ಲಿದೆ.

ಡೈರಿ ಎಂದರೆ ನಾನೇನೂ ಮನಸ್ಸಿನ ತುಮುಲಗಳನ್ನು ತೋಡಿಕೊಳ್ಳುವವಳಲ್ಲ. ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದ ಕೆಲಸ ನನ್ನದು. ದಿನವಿಡೀ ಬೋಲ್ಟುಗಳ ಅಳತೆ ತೆಗೆದು ಸರಿ, ತಪ್ಪು ಎಂದು ಗುರುತು ಹಾಕುತ್ತೇನೆ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಇಂದು ಎಷ್ಟು ಹೊತ್ತಿಗೆ ಬಸ್ಸು ಹತ್ತಿದೆ, ಯಾವ ಸೀಟು ಸಿಕ್ಕಿತು, ಎಷ್ಟು ಸಲ ತಲೆ ಕಿಟಕಿಗೆ ಬಡಿಯಿತು, ಎಲ್ಲ ಬರೆಯುತ್ತೇನೆ. ದಿನಾ ಎರಡು ಸಲ ಆ ದಾರಿಯಲ್ಲಿ ಓಡಾಡುವ ನನಗೆ ಬಸ್ಸಿನ ಸೀಟುಗಳ ಗುಣಸ್ವಭಾವ ನಮ್ಮ ನೆಂಟರದ್ದಕ್ಕಿಂತ ಚೆನ್ನಾಗಿ ಗೊತ್ತು. ಗಾಲಿಯ ಮೇಲಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ಬರುತ್ತದೆ. ಹಿಂದಿನ ಉದ್ದ ಸೀಟಿನಲ್ಲಿ ಕೂತವರು ಪ್ರತಿ ಉಬ್ಬಿಗೂ ಒಮ್ಮೆ ಎದ್ದು, ಯಾರಿಗೋ ಗೌರವ ಕೊಟ್ಟು, ಮತ್ತೆ ಕೂರುತ್ತಾರೆ. ಬಾಗಿಲ ಪಕ್ಕದ ಸೀಟಿಗೆ ಗಾಳಿ ಬರುತ್ತದೆ, ಜೊತೆಗೆ ಇಳಿಯುವವರ ಮೊಣಕೈಯೂ ಬರುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಯಾರೇ ಊರು ಬಿಟ್ಟು ಹೊರಟರೂ ನನ್ನನ್ನು ಒಂದು ಮಾತು ಕೇಳುವ ಪದ್ಧತಿ ಬಂದಿತ್ತು. ಹರಿಹರದ ಆಚೆ ನಾನು ಹೋದದ್ದೇ ಕಡಿಮೆ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ನಾನೂ ನೆನಪಿಸಿರಲಿಲ್ಲ.

ನಮ್ಮದು ದಾವಣಗೆರೆಯ ಆನೆಕೊಂಡದಲ್ಲಿರುವ ಗಾದಿ ಹೊಲಿಯುವ ಮನೆ. ಅಜ್ಜನ ಕಾಲದಲ್ಲಿ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರಂತೆ. ಈಗ ಮಷಿನ್ ಇದೆ. ನಮ್ಮಪ್ಪ, ಅಂದರೆ ಅಬ್ಬಾ, ಅದರ ಮುಂದೆ ನಿಂತರೆ ಸಂಜೆಯ ಹೊತ್ತಿಗೆ ಹುಬ್ಬು, ಮೀಸೆ, ಗಡ್ಡ ಎಲ್ಲ ಬೆಳ್ಳಗಾಗಿ ಅವರೇ ಅಜ್ಜನಂತೆ ಕಾಣುತ್ತಾರೆ. ನಾವೆಲ್ಲ ಅರಳೆಯ ರಾಶಿಯಲ್ಲಿ ಜಿಗಿದು ಬೆಳೆದವರು. ನಮ್ಮ ಅನ್ನದಲ್ಲಿ ಕಲ್ಲು ಸಿಕ್ಕಿದ್ದಿಲ್ಲ, ಹತ್ತಿಯ ಎಳೆ ಸಿಗದ ದಿನವಿಲ್ಲ.

ಇಂಥ ಮನೆಯ ಒಂದು ತೊಂದರೆ ಎಂದರೆ, ಇಲ್ಲಿ ಎಲ್ಲ ನೋವಿಗೂ ಹತ್ತಿಯೇ ಮದ್ದು. ಯಾರಿಗಾದರೂ ತಲೆನೋವೆಂದರೆ ಅಬ್ಬಾ ದಿಂಬು ಒತ್ತಿ ನೋಡುತ್ತಾರೆ. ಹೊಟ್ಟೆನೋವೆಂದರೆ ಹಾಸಿಗೆ ತಿರುವಿ ನೋಡುತ್ತಾರೆ. ಮೂರನೇ ಕ್ಲಾಸಿನಲ್ಲಿ ನನಗೆ ಲೆಕ್ಕದಲ್ಲಿ ತೀರ ಕಡಿಮೆ ಅಂಕ ಬಂದಾಗ ಅಬ್ಬಾ ಬಯ್ಯಲಿಲ್ಲ. ಶಾಲೆಗೆ ಬಂದು ಬೆಂಚನ್ನು ಬೆರಳಿನಿಂದ ತಟ್ಟಿ, "ಇಷ್ಟು ಗಟ್ಟಿ ಇದ್ರ ಲೆಕ್ಕ ಹೆಂಗ ತಲಿಗೆ ಹತ್ತತೈತೆ ಹೇಳ್ರಿ" ಎಂದು ಮೇಷ್ಟ್ರನ್ನೇ ಕೇಳಿದರು. ಮರುದಿನ ಬೂರುಗದ ಅರಳೆ ತುಂಬಿದ ಒಂದು ಪುಟ್ಟ ಗಾದಿ ನನ್ನ ಜೊತೆ ಶಾಲೆಗೆ ಬಂತು. ಅದು ನನ್ನ ಬೆಂಚಿನ ಮೇಲೆ ಇದ್ದದ್ದು ಒಂದೇ ದಿನ. ಉಳಿದ ವರ್ಷವೆಲ್ಲ ಮೇಷ್ಟ್ರ ಕುರ್ಚಿಯ ಮೇಲಿತ್ತು. ನನ್ನ ಅಂಕಗಳೂ ಹೆಚ್ಚಿದವು. ಗಾದಿಯ ಮಹಿಮೆ ಎಂದು ಅಬ್ಬಾ ಇವತ್ತಿಗೂ ನಂಬಿದ್ದಾರೆ.

ಈಗ ದಾದಿಯ ವಿಷಯ. ದಾದಿ ಎಂದರೆ ಅಬ್ಬಾನ ತಾಯಿ. ದಾದಿಗೆ ಒಬ್ಬಳೇ ಅಕ್ಕ. ಇಲ್ಲಿ ಗಿರಣಿಯ ಕೆಲಸ ನಿಂತ ಮೇಲೆ ಆಕೆಯ ಗಂಡ, ಮಕ್ಕಳು ಮಗ್ಗದ ಕೆಲಸ ಹುಡುಕಿಕೊಂಡು ಸೂರತ್ತಿಗೆ ಹೋದರು. ನಾವು ಆಕೆಯನ್ನು ಸೂರತ್ ದಾದಿ ಎನ್ನುತ್ತೇವೆ. ಅಕ್ಕತಂಗಿ ಮುಖ ನೋಡಿ ಹದಿನೆಂಟು ವರ್ಷವಾಗಿತ್ತು. ಅಕ್ಕನಿಗೆ ಮೊಣಕಾಲು ನೋವು, ತಂಗಿಗೆ ಸೊಂಟ ನೋವು. ವಾರಕ್ಕೊಮ್ಮೆ ಮೊಬೈಲಿನಲ್ಲಿ ಮುಖ ತೋರಿಸಿಕೊಂಡು ಮಾತಾಡುತ್ತಿದ್ದರು. ಆದರೆ ಇಬ್ಬರಿಗೂ ಫೋನು ಹಿಡಿಯಲು ಬರದ ಕಾರಣ ಇವಳಿಗೆ ಅವಳ ಹಣೆ, ಅವಳಿಗೆ ನಮ್ಮ ಮನೆಯ ಫ್ಯಾನು ಕಾಣುತ್ತಿತ್ತು.

ಒಂದು ದಿನ ಸೂರತ್ ದಾದಿ ಹೇಳಿದಳು: "ಒಂದು ಕಣ್ಣು ಹೋತು ಕಣೇ. ಇನ್ನೊಂದರಾಗ ಎಲ್ಲಾರೂ ಹೊಗಿಯಾಗ ನಿಂತಂಗ ಕಾಣ್ತಾರ. ಡಾಕ್ಟರ್ ಇದೂ ಉಳಿಯಾದು ಕಷ್ಟ ಅಂದಾನ. ಪೂರಾ ಕತ್ತಲಾಗಾದ್ರೊಳಗ ಒಂದು ಸಲ ಬಂದು ಹೋಗು. ನಿನ್ನ ಮುಖ ನೋಡ್ಕಂತೀನಿ."

ದಾದಿ ಫೋನಿಟ್ಟು ಎದ್ದಳು. ಸೀದಾ ಅಬ್ಬಾನ ಎದುರು ಹೋಗಿ, "ನಾನು ಸೂರತ್ತಿಗೆ ಹೋಗ್ತೀನಿ" ಎಂದಳು.

"ಚಿತ್ರದುರ್ಗ ದಾಟಾಕಾಗ್ಲಿಲ್ಲ ನಿನಗ" ಎಂದರು ಅಬ್ಬಾ.

ಆ ಮಾತು ನಿಜ. ಎರಡು ವರ್ಷದ ಹಿಂದೆ ಬೆಂಗಳೂರಿನ ಮದುವೆಯೊಂದಕ್ಕೆ ಹೊರಟಾಗ ದಾದಿ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ "ಸೊಂಟ ಮುರೀತು, ನಾನೊಲ್ಲೆ" ಎಂದು ಇಳಿದುಬಿಟ್ಟಿದ್ದಳು. ಅಬ್ಬಾನೂ ನಾನೂ ಅವಳ ಹಿಂದೆಯೇ ಇಳಿದೆವು. ಬೆಂಗಳೂರಿನ ಬಸ್ಸು ಹೋಯಿತು. ನನ್ನ ಡೈರಿಯಲ್ಲಿ ಅಂದಿನ ದಾಖಲೆ ಹೀಗಿದೆ: "ಇಳಿದ ಮೇಲೆ ದಾದಿ ಹತ್ತು ನಿಮಿಷ ಕಾಣಲಿಲ್ಲ. ಬಂದ ಮೇಲೆ ಎರಡು ಮೆಣಸಿನಕಾಯಿ ಬಜ್ಜಿ ತಿಂದಳು. ವಾಪಸ್ ಬರುವಾಗ ಸೊಂಟನೋವಿನ ಮಾತಿಲ್ಲ." ವಾಪಸ್ ಬಂದ ಬಸ್ಸಿನ ಸೀಟು ಹೊಸದಿತ್ತು, ಅದಕ್ಕೇ ನೋವಿರಲಿಲ್ಲ ಎಂದು ಅಬ್ಬಾ ತೀರ್ಪು ಕೊಟ್ಟಿದ್ದರು. ನಾನೂ ಒಪ್ಪಿ ಸಹಿ ಮಾಡಿದ್ದೆ.

ಹಾಗಂತ ಅಬ್ಬಾ ಕಲ್ಲು ಮನಸ್ಸಿನವರಲ್ಲ. ಮರುದಿನದಿಂದಲೇ ಅಂಗಡಿಯಲ್ಲಿ ದಾದಿಯ ಪ್ರಯಾಣದ ಗಾದಿ ತಯಾರಾಗತೊಡಗಿತು. ಮೊದಲನೆಯದು ಹತ್ತಿಯದು, ಕೂತರೆ ತಗ್ಗಾಗಿ ದಾದಿ ಕೋಳಿಮರಿಯಂತೆ ಗೂಡಿನಲ್ಲಿ ಕೂತಳು. ಎರಡನೆಯದಕ್ಕೆ ತೆಂಗಿನ ನಾರು ಬೆರೆಸಿದರು, ಚುಚ್ಚಿತು. ಮೂರನೆಯದರ ನಡುವೆ ಬಾವಿಯಂಥ ತೂತು. ನಾಲ್ಕನೆಯದು ಎಷ್ಟು ಎತ್ತರವಿತ್ತೆಂದರೆ ದಾದಿಯ ಕಾಲು ನೆಲ ಮುಟ್ಟಲಿಲ್ಲ. ಐದನೆಯದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆರನೆಯದು ಬೂರುಗದ ಅರಳೆಯದು, ದಾದಿಯ ಹಳೆಯ ಹಸಿರು ಸೀರೆಯ ಹೊದಿಕೆಯದು. ಅದನ್ನು ಕೈಯಲ್ಲಿ ಹಿಡಿದು ಅಬ್ಬಾ ಷರತ್ತು ಹಾಕಿದರು: "ಇದರ ಮ್ಯಾಲೆ ಎಂಟು ತಾಸು ಏಳದಂಗ ಕೂತು ತೋರಿಸಮ್ಮ. ನಾನೇ ಹೋಗಿ ರಿಜರ್ವೇಶನ್ ಮಾಡಿಸ್ಕಂಡು ಬರ್ತೀನಿ. ಆಗಲಿಲ್ಲಾಂದ್ರ ಈ ಮಾತು ಇಲ್ಲಿಗೆ ಮುಗೀತು."

ಎಂಟು ತಾಸು ಎಲ್ಲಿ ಕೂರಿಸಿ ನೋಡುವುದು? ಮನೆಯ ಕಟ್ಟೆಯ ಮೇಲೆ ಕೂತರೆ ಅದು ಪ್ರಯಾಣವಾಗುವುದಿಲ್ಲ, ಕುಲುಕಾಟ ಬೇಕು. ಆಗ ಪರಿಹಾರ ಸೂಚಿಸಿದ್ದು ನಾನೇ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ, ಮತ್ತೆ ಹರಿಹರ. ಹೀಗೆ ಓಡಾಡುತ್ತಲೇ ಇದ್ದರೆ ಸೂರತ್ತಿನಷ್ಟು ಕುಲುಕಾಟ ಅಲ್ಲೇ ಸಿಗುತ್ತದೆ. ಬಸ್ಸಿನಲ್ಲಿ ಗೆದ್ದವಳಿಗೆ ರೈಲು ಏನು ಮಹಾ! ನನ್ನ ಯೋಜನೆಗೆ ನಾನೇ ಮನಸೋತು ಅಂದು ಸಂಜೆಯೇ ಡೈರಿಯಲ್ಲಿ ಗೆರೆ ಹೊಡೆದು ಪಟ್ಟಿ ಸಿದ್ಧ ಮಾಡಿದೆ. ಸುತ್ತು (ಒಂದೂರಿಂದ ಇನ್ನೊಂದೂರಿಗೆ ಹೋದರೆ ಒಂದು), ಹೊರಟ ಸಮಯ, ಸೀಟು, ತಿಂದದ್ದು, ಕುಡಿದದ್ದು, ಹತ್ತಕ್ಕೆ ಎಷ್ಟು ನೋವು, ಷರಾ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹತ್ತಿದೆವು. ಎಡಗಡೆ ಮೂರನೇ ಸಾಲು, ಕಿಟಕಿ ಪಕ್ಕ ದಾದಿ. ಕಂಡಕ್ಟರು ಬಂದು, "ಎಲ್ಲಿಗಜ್ಜಿ?" ಎಂದ.

"ಸೂರತ್ತಿಗಪ್ಪ" ಎಂದಳು ದಾದಿ, ಗಂಭೀರವಾಗಿ.

"ನಮ್ಮ ಗಾಡಿ ಹರಿಹರದ ಹೊಳಿಗೇ ನಿಂತ್ಕಂತೈತಜ್ಜಿ. ಅಲ್ಲಿಂದ ಮುಂದಕ್ಕ ಈಜ್ಕಂಡು ಹೋಗ್ರಿ" ಎಂದು ಎರಡು ಸೊನ್ನೆ ಟಿಕೆಟ್ ಹರಿದುಕೊಟ್ಟ.

ಹರಿಹರದಲ್ಲಿ ಎಲ್ಲರೂ ಇಳಿದರು, ನಾವು ಇಳಿಯಲಿಲ್ಲ. ದಾವಣಗೆರೆಯಲ್ಲಿ ಎಲ್ಲರೂ ಇಳಿದರು, ನಾವು ಇಳಿಯಲಿಲ್ಲ. ಮೂರನೇ ಸುತ್ತಿಗೆ ಕಂಡಕ್ಟರು ನಮ್ಮ ಹತ್ತಿರ ಬಂದು ದನಿ ತಗ್ಗಿಸಿ, "ಏನಾರ ಕಳ್ಕಂಡೀರೇನ್ರಿ? ಬಂಗಾರ ಪಂಗಾರ?" ಎಂದು ಕೇಳಿದ. ನಾಲ್ಕನೇ ಸುತ್ತಿಗೆ, "ಮನ್ಯಾಗ ಜಗಳೇನು?" ಎಂದ. ಐದನೆಯದಕ್ಕೆ ಏನೂ ಕೇಳದೆ ಟಿಕೆಟ್ ಕೊಟ್ಟು, ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ಮರುಕದಿಂದ ನೋಡಿದ.

ನನಗೆ ಅದರ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಪಟ್ಟಿಯದು. ದಾದಿಯ ನೋವು ಮೊದಲ ಮೂರು ಸುತ್ತು ಸೊನ್ನೆ, ನಾಲ್ಕಕ್ಕೆ ಎರಡು, ಐದಕ್ಕೆ ಐದು, ಆರಕ್ಕೆ ಎಂಟು. ನಾನು ಗಾದಿಯನ್ನು ಮುಂದೆ ಎಳೆದೆ, ಹಿಂದೆ ತಳ್ಳಿದೆ, ಮಡಿಚಿ ಬೆನ್ನಿಗೆ ಕೊಟ್ಟೆ. ದಾದಿ ಹಲ್ಲು ಕಚ್ಚಿ, "ಚಲೋ ಐತೆ, ಸುಮ್ನಿರು, ನನ್ನ ಅಲುಗಾಡಿಸಬ್ಯಾಡ" ಎನ್ನುತ್ತಿದ್ದಳು. ಆರನೇ ಸುತ್ತಿನ ಕೊನೆಗೆ ಅವಳ ಕಣ್ಣಲ್ಲಿ ನೀರು. "ಅಕ್ಕನ ಮುಖ ನೋಡಾದು ನನ್ನ ನಸೀಬದಾಗಿಲ್ಲ ಬಿಡು" ಎಂದಳು. ಇನ್ನೂ ಮೂರೂವರೆ ತಾಸು ಉಳಿದಿತ್ತು. ನನ್ನ ಪೆನ್ಸಿಲು ಮೊದಲ ಸಲ ನನಗೇ ಶತ್ರುವಿನಂತೆ ಕಂಡಿತು. ಈ ಪಟ್ಟಿಯನ್ನು ಅಬ್ಬಾನಿಗೆ ತೋರಿಸಿದರೆ ಮುಗಿಯಿತು.

ಏಳನೇ ಸುತ್ತಿಗೆ ದಾವಣಗೆರೆಯಲ್ಲಿ ಒಬ್ಬಾಕೆ ಖಾಲಿ ಬುಟ್ಟಿ ಹಿಡಿದು ಹತ್ತಿ ನನ್ನ ಪಕ್ಕ ಕೂತಳು. ಹೆಸರು ಹನುಮವ್ವ. ಗುತ್ತೂರಿನ ಹೊಲದ ಸೊಪ್ಪು ತಂದು ದಾವಣಗೆರೆಯಲ್ಲಿ ಮಾರಿ ಮಧ್ಯಾಹ್ನ ಊರಿಗೆ ಹಿಂದಿರುಗುವವಳು. ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡವಳೇ ನನ್ನ ಪಟ್ಟಿಗೆ ಬಗ್ಗಿ, "ಏನವ್ವ ಇದು, ಜನಗಣತಿಯಾ?" ಎಂದಳು.

"ಅಲ್ರಿ. ನಮ್ಮ ದಾದಿಗೆ ದೂರದ ಪ್ರಯಾಣ ಆಗ್ತೈತೋ ಇಲ್ಲೋ ಅಂತ ನೋಡಾಕ ಹತ್ತೀವಿ. ಕೂತ್ರ ಸೊಂಟ ನೋಯ್ತೈತೆ."

ಹನುಮವ್ವ ನನ್ನ ಮೇಲಿಂದ ಹಾಯ್ದು ದಾದಿಯನ್ನು ನೋಡಿದಳು. ಒಣಗಿದ ತುಟಿ ನೋಡಿದಳು. ಮುದುರಿದ ಕಾಲ್ಬೆರಳು ನೋಡಿದಳು. ಆಮೇಲೆ, "ಯಕ್ಕಾ, ಬೆಳಿಗ್ಗಿಂದ ಎಷ್ಟು ನೀರು ಕುಡದೀರಿ?" ಎಂದಳು.

ದಾದಿ ಕಿಟಕಿಯಾಚೆ ನೋಡಿದಳು. ನಾನು ಪಟ್ಟಿ ನೋಡಿದೆ. 'ಕುಡಿದದ್ದು' ಎಂಬ ಸಾಲಿನಲ್ಲಿ ಮೇಲಿಂದ ಕೆಳಗೆ ಆರು ಸೊನ್ನೆಗಳಿದ್ದವು. ಆರನ್ನೂ ನಾನೇ ಬರೆದದ್ದು, ದುಂಡಗೆ, ಚಂದವಾಗಿ.

"ನಿನ್ನೆ ಸಂಜಿ ಮಗ್ರಿಬ್ ನಮಾಜ್ ಆದಾಗಿಂದ ಕುಡಿದಿಲ್ಲ" ಎಂದಳು ದಾದಿ, ಸಣ್ಣಗೆ.

"ಕುಡಿದ್ರ ಇಳಿಬೇಕಾಗ್ತೈತೆ ಅಂತ" ಎಂದಳು ಹನುಮವ್ವ.

ದಾದಿ ತಲೆಯಾಡಿಸಿದಳು.

"ಆದ್ರೂ ಈಗ ಇಳಿಯಾ ಹಂಗಾಗೈತೆ."

ದಾದಿ ಮತ್ತೆ ತಲೆಯಾಡಿಸಿದಳು. ಈ ಸಲ ಬಹಳ ಜೋರಾಗಿ.

ಹನುಮವ್ವ ನನ್ನ ಕಡೆ ತಿರುಗಿದಳು. "ನಿನ್ನ ಬರವಣಿಗಿ ಚಂದೈತವ್ವ. ಆದ್ರ ಇದು ಸೊಂಟ ಅಲ್ಲ, ಸೊಂಟದ ಮುಂದಿಂದು. ಗಾದಿ ಇಟ್ರ ಹೋಗಾ ನೋವಾ ಇದು? ನಾನೂ ಹಿಂಗಾ ಮಾಡ್ತಿದ್ದೆ. ಸಂತಿ ದಿನ ನೀರೇ ಮುಟ್ತಿರಲಿಲ್ಲ. ಉರಿ ಹತ್ತಿ, ಜ್ವರ ಬಂದು, ದವಾಖಾನಿ ಕಂಡ ಮ್ಯಾಲೆ ಬುದ್ಧಿ ಬಂತು." ಆಮೇಲೆ ಎದ್ದು ನಿಂತು, "ಡ್ರೈವರಣ್ಣ, ಸ್ವಲ್ಪ ಬಿರ್ರನ ಹೊಡಿಯಪ್ಪ!" ಎಂದು ಕೂಗಿದಳು. ಡ್ರೈವರ್ ಏನೋ ಅನಾಹುತವೆಂದು ತಿಳಿದು ಬಸ್ಸನ್ನು ಹಾರಿಸಿದ. ಹರಿಹರ ಸ್ಟ್ಯಾಂಡಿನಲ್ಲಿ ಹನುಮವ್ವ ಮುಂದೆ, ದಾದಿ ನಡುವೆ, ಗಾದಿ ಹೊತ್ತ ನಾನು ಹಿಂದೆ. ಹೀಗೆ ಹೆಂಗಸರ ಶೌಚಾಲಯಕ್ಕೆ ಮೆರವಣಿಗೆ ಹೊರಟಿತು. ಕಂಡಕ್ಟರು ಏನು ತಿಳಿದನೋ, ದಾರಿ ಬಿಡಿಸಿಕೊಟ್ಟ.

ಹೊರಗೆ ಬಂದಾಗ ದಾದಿಯ ಮುಖ ಈದ್ ಹಬ್ಬದ ಚಂದ್ರನನ್ನು ಕಂಡವರ ಹಾಗಿತ್ತು. ನಾನು ಕೇಳುವ ಮೊದಲೇ, "ಸೊನ್ನಿ ಬರಕ" ಎಂದಳು. ಬರೆದುಕೊಂಡೆ. ಹನುಮವ್ವ ಬುಟ್ಟಿ ಎತ್ತಿ, "ನೀರು ಕುಡೀರಿ ಯಕ್ಕಾ, ನಾಚಿಕಿ ಯಾರಪ್ಪನ ಮನೀದು" ಎಂದು ಗುತ್ತೂರಿನ ಕಡೆ ಹೋದಳು.

ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ದಾದಿ ಎರಡು ಲೋಟ ಕುಡಿದು ಎಲ್ಲವನ್ನೂ ಒಪ್ಪಿಕೊಂಡಳು. ಚಿತ್ರದುರ್ಗದ್ದೂ ಇದೇ.

"ಅಬ್ಬಾಗ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ?" ಎಂದೆ.

"ಮಗನ ಮುಂದ ಏನಂತ ಹೇಳಲಿ? ಹೇಳಿದ್ರ ಅವನು ಡ್ರೈವರಗ ಹೇಳ್ತಾನ. ಡ್ರೈವರ್ ಬಯಲಾಗ ಗಾಡಿ ನಿಲ್ಲಿಸ್ತಾನ. ಬಸ್ ತುಂಬ ಗಂಡಸ್ರು ಕಿಟಕ್ಯಾಗ ಕುಂತಿರ್ತಾರ. ಸೊಂಟ ಅಂದ್ರ ಮರ್ಯಾದಿ ಬೇಟಾ. ಸೊಂಟ ಎಲ್ಲಾರಿಗೂ ಇರ್ತೈತೆ."

"ರೈಲಿನಾಗ ಒಳಗೇ ಇರ್ತೈತಲ್ಲ."

"ಇರ್ತೈತೆ, ಚಿಲಕ ಇರಲ್ಲಂತ. ಕೆಳಗ ಹಳಿ ಓಡಾದು ಕಾಣ್ತೈತಂತ. ಕಾಲು ಜಾರಿದ್ರ ಸೀದಾ ಹಳೀ ಮ್ಯಾಲೆ." ಯಾರು ಹೇಳಿದ್ದು ಎಂದು ಕೇಳಿದೆ. ಸೂರತ್ತಿನ ಅಕ್ಕನೇ ಎಂದೋ ಹೇಳಿದ್ದಳಂತೆ.

ತಪಾಸಣೆ ನನ್ನ ಕಸುಬು. ಹರಿಹರದ ರೈಲು ನಿಲ್ದಾಣಕ್ಕೆ ನಡೆದೆವು. ಮಧ್ಯಾಹ್ನದ ಗಾಡಿಗೆ ದಾವಣಗೆರೆಯವರೆಗೆ ಟಿಕೆಟ್ ತೆಗೆಸಿದೆ. ಗಾಡಿ ಬರುವ ತನಕ ದಾದಿ ಒಂದು ಬಾಟಲಿ ನೀರನ್ನು ಔಷಧಿಯಂತೆ ಕುಡಿದಳು. ಹತ್ತಿದವರು ಸೀಟಿನ ಕಡೆಗೂ ನೋಡದೆ ಬೋಗಿಯ ತುದಿಗೆ ಹೋದೆವು. ದಾದಿ ಒಳಗೆ, ನಾನು ಗಾದಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಕಾವಲು. ಒಬ್ಬ ದೊಡ್ಡಮನುಷ್ಯರು ಬಂದು ನಿಂತರು. ಐದು ನಿಮಿಷ ಕಾದು, "ಒಳಗ ಯಾರೈದಾರ?" ಎಂದರು.

"ನಮ್ಮಜ್ಜಿ. ಪರೀಕ್ಷೆ ನಡೆದೈತೆ."

ಅವರು ನನ್ನ ಕೈಯ ಗಾದಿಯನ್ನೂ ಪೆನ್ಸಿಲನ್ನೂ ನೋಡಿ ಪಕ್ಕದ ಬೋಗಿಗೆ ಹೋದರು. ಒಳಗಿನಿಂದ ಚಿಲಕ ಹಾಕುವ, ತೆಗೆಯುವ, ಮತ್ತೆ ಹಾಕುವ ಸದ್ದು ಒಂಬತ್ತು ಸಲ ಕೇಳಿಸಿತು. ಕೊನೆಗೆ ದಾದಿ ಹೊರಬಂದು ವರದಿ ಒಪ್ಪಿಸಿದಳು: "ಚಿಲಕ ಗಟ್ಟಿ ಐತೆ. ಹಿಡ್ಕಳಾಕ ಕಬ್ಬಿಣ ಐತೆ. ಕೆಳಗ ಹಳಿ ಕಾಣವಲ್ದು, ಮುಚ್ಚ್ಯಾರ. ಅಕ್ಕ ಹೇಳಿದ್ದು ಹಳೇ ಕಾಲದ್ದು." ಆಮೇಲೆ ಸೆರಗು ಸರಿಮಾಡಿಕೊಂಡು, "ಈ ಗಾಡಿ ಹಿಂಗೇ ಸೂರತ್ತಿಗೆ ಹೋಗಲ್ಲೇನು?" ಎಂದಳು.

ಮನೆ ತಲುಪಿದಾಗ ಸಂಜೆ ನಾಲ್ಕೂ ಕಾಲು. ಅಬ್ಬಾ ಅಂಗಡಿಯ ಬಾಗಿಲಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ದಾರಿಯಲ್ಲಿ ದಾದಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು: ಮಗನಿಗೆ ಸೊಂಟದ ವಿಷಯ ಮಾತ್ರ, ಮುಂದಿನದು ಬೇಡ. ಅಬ್ಬಾ ನನ್ನ ಕೈಯಿಂದ ಟಿಕೆಟ್ಟುಗಳನ್ನು ತೆಗೆದುಕೊಂಡು ಎಣಿಸಿದರು. ಹದಿನಾಲ್ಕು. "ಹದಿನಾಲ್ಕು ಸುತ್ತು!" ಎಂದು ಕಣ್ಣರಳಿಸಿದರು. ನಾವು ಇಬ್ಬರಿದ್ದೆವು ಎಂಬುದು ಅವರಿಗೆ ಹೊಳೆಯಲಿಲ್ಲ. ನಾನು ಹೇಳಲೂ ಇಲ್ಲ.

"ಕೊನೀಗೆ ನೋವು ಎಷ್ಟಿತ್ತು?"

"ಸೊನ್ನೆ" ಎಂದೆ. ಅದು ನಿಜವೇ ಆಗಿತ್ತು.

ಅಬ್ಬಾ ಆರನೇ ಗಾದಿಯನ್ನು ನನ್ನ ಕಂಕುಳಿನಿಂದ ಎಳೆದುಕೊಂಡು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. "ಬೂರುಗ ಸ್ವಲ್ಪ ಜಾಸ್ತಿ ಹಾಕಿದ್ದೆ. ಅಂದ್ಕಂಡಿದ್ದೆ ನಾನು" ಎಂದರು. ಅವರ ಹುಬ್ಬಿನ ಮೇಲೆ ಹತ್ತಿ ಇತ್ತು, ಕಣ್ಣಲ್ಲಿ ನೀರಿತ್ತು. ಅಂದು ಷರಾದಲ್ಲಿ ನಾನು ಬರೆದೆ: "ಗಾದಿ ಸಂಖ್ಯೆ ಆರರಿಂದ ನೋವು ಪೂರ್ತಿ ವಾಸಿ." ನಾನು ಮೊದಲೇ ಹೇಳಿದ ಸುಳ್ಳು ಇದೇ. ಒಮ್ಮೆ ಅಳಿಸಲು ಹೋಗಿ ಬಿಟ್ಟಿದ್ದೇನೆ.

ಅಬ್ಬಾ ಮಾತಿನಂತೆ ದಾದಿಗೂ ನನಗೂ ರೈಲಿನಲ್ಲಿ ರಿಜರ್ವೇಶನ್ ಮಾಡಿಸಿದರು. ಸೂರತ್ತಿನ ದಾರಿಯಲ್ಲಿ ದಾದಿ ಹನ್ನೊಂದು ಸಲ ಎದ್ದು ಹೋದಳು. ಅದರಲ್ಲಿ ಐದು ಸಲ ಅಗತ್ಯಕ್ಕೆ, ಉಳಿದದ್ದು ಸಂತೋಷಕ್ಕೆ ಎಂದು ನನ್ನ ಅಂದಾಜು. ಬೆಳಗಾವಿ ದಾಟುವಷ್ಟರಲ್ಲಿ ಎದುರು ಸೀಟಿನ ಹೆಂಗಸರಿಗೂ ನೀರು ಕುಡಿಸಿ, ಸರದಿಯ ಮೇಲೆ ಬಾಗಿಲು ಕಾಯುವ ಏರ್ಪಾಡು ಮಾಡಿಬಿಟ್ಟಿದ್ದಳು. ಅಬ್ಬಾ ದೊಡ್ಡ ಸ್ಟೇಷನ್ ಬಂದಾಗಲೆಲ್ಲ ಫೋನು ಮಾಡಿ, "ಗಾದಿ ಹೆಂಗೈತಮ್ಮ?" ಎನ್ನುತ್ತಿದ್ದರು. ದಾದಿ ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತುಕೊಂಡು, "ಏಳಾಕ ಮನಸಾ ಬರವಲ್ದಪ್ಪ" ಎನ್ನುತ್ತಿದ್ದಳು. ಗಾದಿಯ ಮೇಲೆ ಕೂತವಳು ನಾನು. ಸೊಂಟ ಹಿಡಿದದ್ದೂ ನನಗೇ.

ಸೂರತ್ ದಾದಿ ಮಂಚದ ಮೇಲೆ ಕೂತಿದ್ದಳು. ತಂಗಿಯ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಉಳಿದ ಒಂದು ಕಣ್ಣನ್ನು ತೀರ ಹತ್ತಿರ ತಂದು, ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದಳು. ಮನೆಯವರೆಲ್ಲ ಸುತ್ತ ನಿಂತಿದ್ದರು.

"ಮುದುಕಿ ಆಗಿಬಿಟ್ಟೀ" ಎಂದಳು.

"ನಿನಗ ಸರಿ ಕಾಣವಲ್ದು, ಸುಮ್ನಿರು" ಎಂದಳು ದಾದಿ. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಅತ್ತರು.

ಊಟವಾದ ಮೇಲೆ ನಾವು ಮೂವರೇ ಉಳಿದಾಗ ದಾದಿ ಅಕ್ಕನ ಕಿವಿಯಲ್ಲಿ ನಮ್ಮ ಭಾನುವಾರದ ಕಥೆಯನ್ನೆಲ್ಲ ಹೇಳಿದಳು. ಹನುಮವ್ವ, ಚಿಲಕ, ಹದಿನಾಲ್ಕು ಟಿಕೆಟ್, ಎಲ್ಲ. ಸೂರತ್ ದಾದಿ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮಂಚದಿಂದ ಸರಕ್ಕನೆ ಇಳಿದು, ಕೋಣೆಯ ಆ ತುದಿಗೆ ನಡೆದುಹೋಗಿ ಬಾಗಿಲು ಹಾಕಿಕೊಂಡು ಬಂದಳು. ಒಂದು ಚೂರೂ ಕುಂಟಲಿಲ್ಲ.

"ಮೊಣಕಾಲು?" ಎಂದೆ.

"ಮೊಣಕಾಲಿಗೆ ಏನಾಗೈತೆ, ಮಣ್ಣು" ಎಂದಳು. "ಇಲ್ಲಿಗೆ ಬರೋವಾಗ ಒಂದು ಹನಿ ನೀರಿಲ್ದ ಬಂದು ಎಂಟು ದಿನ ಜ್ವರದಾಗ ಮಲಗಿದ್ದೆ. ಮತ್ತ ಆ ಗಾಡಿ ಹತ್ತಲ್ಲ ಅಂದ್ಕಂಡೆ. ಮಕ್ಕಳ ಮುಂದ ಏನಂತ ಹೇಳಲಿ?"

ದಾದಿ ಅಕ್ಕನನ್ನೇ ನೋಡಿದಳು. ಹದಿನೆಂಟು ವರ್ಷ. ಒಬ್ಬಳ ಸೊಂಟ, ಒಬ್ಬಳ ಮೊಣಕಾಲು. ಮೊದಲು ನಕ್ಕವಳು ಯಾರೆಂದು ನಾನು ಬರೆದಿಟ್ಟಿಲ್ಲ. ಬಾಗಿಲಾಚೆ ಸೊಸೆಯಂದಿರು ಗಾಬರಿಯಾಗಿ ಚಿಲಕ ಬಡಿಯುವವರೆಗೆ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಆಮೇಲೆ ಸೂರತ್ ದಾದಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ವಾಪಸ್ ಹೋಗಾಕ ಇನ್ನೊಂದು ಟಿಕೆಟ್ ತೆಗಸು. ನಾನೂ ಬರ್ತೀನಿ. ಊರು ನೋಡ್ಕಂಡು ಬರಣ, ಈ ಕಣ್ಣಿರಾದ್ರೊಳಗ" ಎಂದಳು.

ಅಬ್ಬಾನಿಗೆ ಫೋನು ಮಾಡಿ ಹೇಳಿದೆ. ಅವರು ಖುಷಿಯಿಂದ ಕೂಗಿಯೇಬಿಟ್ಟರು. ಮರುಕ್ಷಣವೇ ಕಸುಬಿನ ದನಿ ಬಂತು: "ತಡಿ, ಸೂರತ್ ಖಾಲಾಗ ಮೊಣಕಾಲಿಂದು ತ್ರಾಸಲ್ಲ? ಅದಕ್ಕ ಬ್ಯಾರೆ ನಮೂನಿ ಗಾದಿ ಬೇಕು. ದುಂಡಗಿರಬೇಕು, ಮಡಿಚಿ ಕಟ್ಟಂಗಿರಬೇಕು. ಅಳತಿ ತಗದು ಈಗಲೇ ಹೇಳು, ಕೊರಿಯರ್ ಹಾಕ್ತೀನಿ."

ನಾನು ಚೀಲದಿಂದ ಟೇಪು ತೆಗೆದೆ. ದಾದಿ ಅಕ್ಕನಿಗೆ ಕಣ್ಣು ಮಿಟುಕಿಸಿದಳು. ಸೂರತ್ ದಾದಿ ಮಂಚದ ಮೇಲೆ ನೆಟ್ಟಗೆ ಕೂತು, ಸಣ್ಣಗೆ ನರಳಿ, ಏನೂ ಆಗದ ತನ್ನ ಬಲಗಾಲನ್ನು ಗಂಭೀರವಾಗಿ ನನ್ನ ಮುಂದೆ ಚಾಚಿದಳು.